ಹಾಳೆಯ ಕೆಳಗೆ ಬಿಟ್ಟ ಜಾಗ

ಐರೋಲಿಯಲ್ಲಿ, ಖಾಡಿಯ ಕಡೆಗೆ, ಕಿಟಕಿಯೇ ಇಲ್ಲದ ಕಟ್ಟಡ.
ಒಳಗೆ ಹದಿನೆಂಟು ಡಿಗ್ರಿ, ಹೊರಗೆ ಮೇ ತಿಂಗಳು.
ರಾತ್ರಿ ಪಾಳಿಗೆ ಸ್ವೆಟರ್ ಹೊತ್ತು ಹೊರಟ ನನ್ನನ್ನು ನೋಡಿ
ಲೋಕಲಿನ ಹೆಂಗಸರು ನಗುತ್ತಾರೆ.

ನನ್ನದು ಸಾಯುವ ಯಂತ್ರಗಳ ಕೆಲಸ.
ಸರಿಪಡಿಸುವವರು ಬೇರೆ ಇದ್ದಾರೆ; ನಾನು
ಹೇಗೆ ಸತ್ತಿತು ಅಂತ ಹೇಳಬೇಕಾದವಳು.

ಪ್ರತಿ ಯಂತ್ರದ ಮೆಮೊರಿಯಲ್ಲೂ ಒಂದು ಮೂಲೆಯನ್ನು
ಮೊದಲೇ ತೆಗೆದಿಟ್ಟಿರುತ್ತೇವೆ, ಯಾರೂ ಮುಟ್ಟುವಂತಿಲ್ಲ.
ಅಲ್ಲಿ ಇನ್ನೊಂದು ಪುಟ್ಟ ಕರ್ನಲ್ಲು ಮಲಗಿರುತ್ತದೆ.
ದೊಡ್ಡದು ಬಿದ್ದ ಕ್ಷಣ ಎದ್ದು
ದಿಂಬಿನಡಿಯ ಪಟ್ಟಿ ತೆಗೆದು
ಇಷ್ಟು ಪ್ರೊಸೆಸರು, ಇಂತಿಂಥ ಕಡೆ ಇಷ್ಟಿಷ್ಟು ಮೆಮೊರಿ ಅಂತ
ಓದಿಕೊಂಡು, ಹೆಣ ತಣ್ಣಗಾಗುವ ಮೊದಲು
ಎಲ್ಲವನ್ನೂ ಡಿಸ್ಕಿಗೆ ಬರೆಯುತ್ತದೆ.

ಪಟ್ಟಿಯಲ್ಲಿರುವುದಷ್ಟೇ ಅದಕ್ಕೆ ಗೊತ್ತು.

ಕಳೆದ ಗುರುವಾರ ಹನ್ನೊಂದೂವರೆಗೆ
ಭಾಲಚಂದ್ರ ಗುರವ ಓಡುತ್ತಿದ್ದ ಯಂತ್ರಕ್ಕೇ
ಅರವತ್ನಾಲ್ಕು ಜೀಬಿ ಸೇರಿಸಿದ. ನಿಲ್ಲಿಸಲಿಲ್ಲ.
ನಡೆಯುವ ರೈಲಿಗೆ ಡಬ್ಬಿ ಜೋಡಿಸಿದ ಹಾಗೆ, ಅಂದ.
ಯಂತ್ರ ಹೊಸ ಜಾಗದಲ್ಲಿ ಸಂಸಾರ ಹೂಡಿತು.
ದಿಂಬಿನಡಿ ಹಳೇ ಪಟ್ಟಿ.

ಎರಡೂಮುಕ್ಕಾಲಿಗೆ ಬಿತ್ತು.
ಮಲಗಿದ್ದು ಎದ್ದು ಅಚ್ಚುಕಟ್ಟಾಗಿ ಬರೆದಿಟ್ಟಿತ್ತು.
ತೆರೆದು ನೋಡಿದರೆ ಎಲ್ಲ ಜಾಡೂ ಹೋಗಿ
ಒಂದೇ ವಿಳಾಸದ ಮುಂದೆ ನಿಲ್ಲುತ್ತಿತ್ತು,
ಗುರವ ಸೇರಿಸಿದ ಹೊಸ ಭಾಗದಲ್ಲಿ. ಅದೊಂದೇ ಇಲ್ಲ.
ಸಾವು ನಡೆದದ್ದು ಪಟ್ಟಿಯಲ್ಲಿಲ್ಲದ ಕೋಣೆಯಲ್ಲಿ.

"ಹೊಸದು ಬಂದಾಗಲೆಲ್ಲ ಹಾಸಿಗೆಸಮೇತ ಎತ್ತಿ
ಮತ್ತೆ ಮಲಗಿಸೋಣ" ಅಂದ ಗುರವ.
ಒಂದು ಕಾಲಕ್ಕೆ ಹಾಗೇ ಮಾಡುತ್ತಿದ್ದೆವು.
ಹದಿನಾರು ಪ್ರೊಸೆಸರು ಒಂದೊಂದಾಗಿ ಬಂದರೆ
ಹದಿನಾರು ಸಲ ಎತ್ತಿ, ಹದಿನಾರು ಸಲ ಜೋಗುಳ.
ಎತ್ತಿದ್ದಕ್ಕೂ ಮಲಗಿಸಿದ್ದಕ್ಕೂ ನಡುವೆ
ಮೂರು ಸೆಕೆಂಡು ಮೂಲೆ ಖಾಲಿ.
ಆ ಮೂರರಲ್ಲೇ ಸತ್ತದ್ದನ್ನೂ ನಾನು ಕಂಡಿದ್ದೇನೆ.
ಕಂಡಿದ್ದೇನೆ ಅನ್ನುವುದೂ ತಪ್ಪು; ಕಾಣಲು ಏನೂ ಉಳಿದಿರಲಿಲ್ಲ.

ಶನಿವಾರ ಬೆಂಕಿಯ ಕವಾಯತು.
ಸೈರನ್ನಿಗೆ ಎಲ್ಲರೂ ಬಂದು ಗೇಟಿನ ಬಳಿ ನಿಂತೆವು.
ಖಾಡಿಯ ವಾಸನೆ, ಠಾಣೆ-ಬೇಲಾಪುರ ರಸ್ತೆಯ ಟ್ರಕ್ಕುಗಳು.
ಕಾವಲಿನ ಮೋಹಿತೆ ಕಾಕಾ ಲ್ಯಾಮಿನೇಟ್ ಹಾಳೆ ಹಿಡಿದು
ಹನ್ನೊಂದು ಹೆಸರು ಕೂಗಿದರು. ಹನ್ನೊಂದೂ ಹಾಜರ್.
ಬೆರಳಿಟ್ಟು ಎಣಿಸಿದರೆ ನಿಂತವರು ಹನ್ನೆರಡು.
ಸೋಮವಾರ ಸೇರಿದ ಶೇವಂತಾಬಾಯಿ, ಕಸಬರಿಗೆ ಕೈಯಲ್ಲೇ,
"ಮೀ ಪಣ್ ಆಹೇ" ಅಂದಳು. ನಾನೂ ಇದ್ದೇನೆ.
ಎಲ್ಲರೂ ನಕ್ಕರು.
ನಿಜವಾದ ಹೊಗೆಯಾಗಿದ್ದರೆ, ಲೆಕ್ಕ ಸರಿಹೋಯಿತು ಅಂತ
ಬಾಗಿಲು ಹಾಕಿಬಿಡುತ್ತಿದ್ದರು.

ಕಾಕಾ ಹಾಳೆ ಬದಲಿಸಲಿಲ್ಲ, ಆಫೀಸಿಗೆ ಅರ್ಜಿ ಹಾಕಲಿಲ್ಲ.
ಕೆಳಗಡೆ ಮೂರು ಬೆರಳಗಲ ಬಿಳಿ ಜಾಗ ಇತ್ತು.
ಸ್ಕೆಚ್ ಪೆನ್ನಿನಲ್ಲಿ ಅವಳ ಹೆಸರು ಬರೆದು ಊದಿ ಒಣಗಿಸಿದರು.
"ಸೀಲು ಬಿದ್ದ ಹಾಳೆ ತಿದ್ದಬಹುದಾ, ಕಾಕಾ?"
"ಸೀಲು ಮೇಲಿದೆ. ಇದು ಕೆಳಗೆ."

ಭಾನುವಾರ ರಾತ್ರಿ ನಾನು ಮಲಗಿದ್ದನ್ನು ಎತ್ತಲಿಲ್ಲ.
ಪಟ್ಟಿಯನ್ನಷ್ಟೇ ಉದ್ದ ಮಾಡಿಟ್ಟೆ,
ಇನ್ನೂ ಬಾರದ ಪ್ರೊಸೆಸರುಗಳಿಗೂ ಒಂದೊಂದು ಸಾಲು.
ಎದ್ದಕೂಡಲೇ ತನ್ನ ಸಾಮಾನು ಯಾರಾದರೂ ಕೆದಕಿದರೇ ಅಂತ
ತಾಳೆ ನೋಡುತ್ತದಲ್ಲ, ಆ ಲೆಕ್ಕದಿಂದ
ಈ ಒಂದು ಹಾಳೆಯನ್ನು ಹೊರಗಿಟ್ಟೆ.
ಈಗ ಏನು ಬಂದರೂ, ಏನು ಹೋದರೂ
ಯಂತ್ರವೇ ತಾನು ಸತ್ತಮೇಲೆ ಬೇಕಾಗುವ ಪಟ್ಟಿಯನ್ನು
ಒಂದು ಕ್ಷಣ ತಿದ್ದಿ, ಮತ್ತೆ
ಯಾರದೋ ಟಿಕೆಟ್ಟು ಬುಕ್ ಮಾಡಲು ಮರಳುತ್ತದೆ.

ಈ ವಾರ ಶೇವಂತಾಬಾಯಿ ಬರಲಿಲ್ಲ.
ಘಣಸೋಲಿಯಲ್ಲಿ ಬೇರೆ ಕೆಲಸ ಸಿಕ್ಕಿತಂತೆ, ನೂರು ಹೆಚ್ಚು.
ಕಾಕಾ ಹೆಬ್ಬೆರಳಿಗೆ ಉಗುಳು ಹಚ್ಚಿ ಹೆಸರು ಉಜ್ಜಿದರು.
ನೀಲಿ ಪೂರ್ತಿ ಹೋಗಲಿಲ್ಲ.